ತಲೆಸುತ್ತಿಗೆ ಜಪಾನಿನ ಪುಡಿ

ಪ್ರಶ್ನೆ: ನನಗೆ 56 ವರ್ಷ, ಮಳವಳ್ಳಿ ತಾಲ್ಲೂಕಿನವಳು. ಎರಡು ವರ್ಷದಿಂದ ತಲೆಸುತ್ತು ಬಂದು ಹೋಗಿ ಮಾಡುತ್ತಿದೆ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಅರೆ ನಿಮಿಷ ಮನೆಯೇ ತಿರುಗುತ್ತದೆ. ಗದ್ದೆ ಬದುವಿನ ಮೇಲೆ ನಡೆಯಲು ಭಯ. ಮದ್ದೂರಿನ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಿದ್ದೇನೆ. ಬಿಪಿಗೂ ಮಾತ್ರೆ ಇದೆ, ಅದರಿಂದ ಮೂತ್ರ ಜಾಸ್ತಿ. ಜಪಾನಿನಲ್ಲಿರುವ ಮಗ ಅಲ್ಲಿನ ಗಿಡಮೂಲಿಕೆ ಪುಡಿ ಕಳಿಸಿದ್ದಾನೆ. ತೆಗೆದುಕೊಳ್ಳಲೇ?

ಉತ್ತರ: ಪೊಟ್ಟಣವನ್ನು ಸದ್ಯಕ್ಕೆ ಬದಿಗಿಡಿ, ಅಮ್ಮಾ. ಕಂಪೋ ಎಂಬ ಆ ಪದ್ಧತಿಯ ಮೇಲೆ ನನಗೆ ಗೌರವವಿದೆ. ಜಪಾನಿನಲ್ಲಿ ಅಲೋಪತಿ ಓದಿದ ವೈದ್ಯರೇ ಅದನ್ನು ಬರೆದುಕೊಡುತ್ತಾರೆ. 148 ಕಂಪೋ ಔಷಧಗಳಿಗೆ ಸರ್ಕಾರಿ ಆರೋಗ್ಯ ವಿಮೆಯೂ ಸಿಗುತ್ತದೆ. ತಲೆಸುತ್ತಿಗೆ ಅವರು ಕೊಡುವವುಗಳಲ್ಲಿ ಹಂಗೆಬ್ಯಾಕುಜುತ್ಸುತೆಮ್ಮತೋ, ರ್ಯೋಕೇಜುತ್ಸುಕಂತೋ ಮುಖ್ಯ. ಎರಡನೆಯದರಲ್ಲಿ ಚಕ್ಕೆಯ ಜೊತೆ ನಮ್ಮ ಗ್ರಂಧಿಗೆ ಅಂಗಡಿಯ ಜೇಷ್ಠಮಧುವೂ ಇದೆ. ನನ್ನ ಹೆದರಿಕೆ ಅದರದೇ. ಜೇಷ್ಠಮಧು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕಿಸುತ್ತದೆ. ಬಿಪಿ ಏರುತ್ತದೆ, ಕೈಕಾಲು ಸೋಲುತ್ತವೆ, ಎದೆಬಡಿತದ ಲಯವೂ ತಪ್ಪಬಹುದು. ನಿಮ್ಮ ಬಿಪಿ ಮಾತ್ರೆಯಲ್ಲಿ ನೀರು ಇಳಿಸುವ ಔಷಧ ಇರುವಂತಿದೆ. ಅಂಥ ಔಷಧಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಕಳೆಯುವಂಥವೇ. ಎರಡೂ ಸೇರಬಾರದು.

ಹೊರಳಿದಾಗ ಮಾತ್ರ, ಅರೆ ನಿಮಿಷ ಎಂದು ಬರೆದಿದ್ದೀರಲ್ಲ, ರೋಗದ ಸುಳಿವು ಅಲ್ಲೇ ಇದೆ. ಒಳಕಿವಿಯಲ್ಲಿ ಕ್ಯಾಲ್ಸಿಯಂನ ಸಣ್ಣ ಹರಳುಗಳಿವೆ. ಅವು ಜಾಗ ಬಿಟ್ಟು ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿದರೆ ಹೀಗಾಗುತ್ತದೆ, ಬಿಪಿಪಿವಿ ಎನ್ನುತ್ತೇವೆ. ಯಾವ ಪುಡಿಯೂ, ಯಾವ ಮಾತ್ರೆಯೂ ಆ ಹರಳನ್ನು ಹಿಂದಕ್ಕೆ ಕಳಿಸದು. ಮಂಚದ ಮೇಲೆ ಮಲಗಿಸಿ ತಲೆಯನ್ನು ಕ್ರಮವಾಗಿ ತಿರುಗಿಸಿ ಕಳಿಸುವ ವಿಧಾನವನ್ನು ಅಮೆರಿಕದ ಡಾ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಕೆಲವೇ ನಿಮಿಷದ ಕೆಲಸ, ಸೂಜಿಯೂ ಬೇಡ. ಮತ್ತೆ ಬಂದರೆ ಮತ್ತೆ ಮಾಡಿಸಬಹುದು.

ಮಂಡ್ಯದ ಮಿಮ್ಸ್ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ತೋರಿಸಿ. ಬಿಪಿಯನ್ನು ಮಲಗಿದ್ದಾಗ, ನಿಂತಾಗ ಎರಡೂ ಸಲ ನೋಡಲು ಹೇಳಿ; ಹಿಮೋಗ್ಲೋಬಿನ್, ಸಕ್ಕರೆ, ಪೊಟ್ಯಾಸಿಯಂ ಪರೀಕ್ಷೆಯೂ ಆಗಲಿ. ಪೊಟ್ಟಣದ ಮೇಲಿನ ಬರಹವನ್ನು ಮಗನಿಂದ ಓದಿಸಿ ಬರೆದುಕೊಂಡು ಹೋಗಿ. ಮೆಡಿಕಲ್ ಸ್ಟೋರಿನ ಮಾತ್ರೆಯನ್ನೂ ತೋರಿಸಿ: ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್‌ನಂಥವನ್ನು ತಿಂಗಳುಗಟ್ಟಲೆ ನುಂಗಿದವರಿಗೆ ಕೈನಡುಕ, ಮೈಬಿಗಿತ ಬರುವುದುಂಟು. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ನಿಲ್ಲಲಾಗದಷ್ಟು ಸುತ್ತು ಒಮ್ಮೆಲೇ ಹತ್ತಿದರೆ ಕಾಯದೆ 108ಕ್ಕೆ ಕರೆ ಮಾಡಿ. ವಾಸಿಯಾಗುವವರೆಗೆ ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯಲು ಒಬ್ಬರೇ ಹೋಗಬೇಡಿ.