ಮೊಂಡಾದ ಬ್ಲೇಡು ಎಲ್ಲಿಗೆ ಹೋಗಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವು. ಎಲ್ಲವೂ ಬ್ಲೇಡಿನ ಸುತ್ತಲೇ ಇರುವುದರಿಂದ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಮದುವೆ, ಸೀಮಂತದ ತಟ್ಟೆಗಳಿಗೆ ಕೊಬ್ಬರಿ ಬಟ್ಟಲಲ್ಲಿ ಹೂವು, ನವಿಲು, ಕಳಶ ಕೆತ್ತಿ ಕೊಡುತ್ತೇನೆ. ಗಡ್ಡದ ಬ್ಲೇಡನ್ನು ಉದ್ದಕ್ಕೆ ಎರಡು ಮಾಡಿ, ಒಂದು ತುದಿಗೆ ದಾರ ಸುತ್ತಿ ಹಿಡಿದು ಕೆತ್ತುವುದು ಅತ್ತೆಯವರಿಂದ ಕಲಿತದ್ದು. ಲಗ್ನದ ತಿಂಗಳುಗಳಲ್ಲಿ ಅರ್ಧರ್ಧ ಬ್ಲೇಡುಗಳು ರಾಶಿ ಬೀಳುತ್ತವೆ. ಕಾಗದದಲ್ಲಿ ಸುತ್ತಿ ಕಸದ ಕವರಿಗೆ ಹಾಕುತ್ತಿದ್ದೆ. ಮೊನ್ನೆ ಕಸದ ಗಾಡಿಯ ಹೆಣ್ಣುಮಗಳು ಅಂಗೈ ತೋರಿಸಿ ಬೈದಳು. ಏನು ಮಾಡಲಿ? ಅದೇ ಬ್ಲೇಡಿಗೆ ಸಾಣೆ ಹಿಡಿದು ಮತ್ತೆ ಬಳಸಬಹುದೇ?
— ಗೃಹಿಣಿ, ತಿಪಟೂರು

ಉತ್ತರ: ಬೈದದ್ದು ಸರಿ ಕಣಮ್ಮ. ಕೊಬ್ಬರಿಗೆ ಮೊಂಡು ಎನಿಸಿದ ಬ್ಲೇಡು ಅಂಗೈಗೆ ಮೊಂಡಲ್ಲ. ನಿಮ್ಮ ಕೈಗೆ ಅದು ಸರಾಗವಾಗಿ ಓಡುತ್ತಿಲ್ಲ ಅಷ್ಟೇ. ಅಂಚು ಒಂದಿಷ್ಟು ದುಂಡಗಾಗಿರುತ್ತದೆ. ಮೆತ್ತನೆಯ ಚರ್ಮಕ್ಕೆ ಅದು ಇನ್ನೂ ಕತ್ತಿಯೇ. ನೀವು ಸುತ್ತಿದ ಕಾಗದ ಸಾರು, ಪಲ್ಯದ ಹಸಿಗೆ ಗಂಟೆಯೊಳಗೆ ನೆನೆದು ಹರಿದುಹೋಗುತ್ತದೆ. ಆಮೇಲೆ ಕವರನ್ನು ಹಿಸುಕಿ ಹಿಡಿಯುವವರ ಕೈಗೂ ಬ್ಲೇಡಿಗೂ ನಡುವೆ ಏನೂ ಉಳಿಯುವುದಿಲ್ಲ.

ಒಂದು ತಗಡಿನ ಡಬ್ಬಿ ಹೊಂದಿಸಿಕೊಳ್ಳಿ. ಮಕ್ಕಳ ಹಾಲಿನಪುಡಿ ಡಬ್ಬಿಯಾದರೂ ಸರಿ, ತಗಡಿನ ಮುಚ್ಚಳವಿರುವ ಹಳೆಯ ಬಣ್ಣದ ಡಬ್ಬಿಯಾದರೂ ಸರಿ. ಮುಚ್ಚಳದ ಮೇಲೆ ಉಳಿಯಿಟ್ಟು ಹೊಡೆದು, ಬ್ಲೇಡು ತೂರುವಷ್ಟು ಸೀಳು ಮಾಡಿ. ಹೊರಗಿನಿಂದ ಹೊಡೆದರೆ ತಗಡಿನ ಮುಳ್ಳು ಒಳಮುಖವಾಗುತ್ತದೆ, ನಿಮ್ಮ ಬೆರಳಿಗೆ ತಾಗದು. ಮುಚ್ಚಳವನ್ನು ಡಬ್ಬಿಗೆ ಸುತ್ತಲೂ ಟೇಪ್ ಹಾಕಿ ಬಿಗಿದುಬಿಡಿ, ಇನ್ನು ಅದನ್ನು ತೆಗೆಯುವ ಪ್ರಮೇಯವೇ ಇಲ್ಲ. ಮುಕ್ಕಾಲು ತುಂಬಿದ ಮೇಲೆ ಸೀಳಿಗೂ ಟೇಪ್ ಅಂಟಿಸಿ, ಮೇಲೆ ದಪ್ಪ ಅಕ್ಷರದಲ್ಲಿ ‘ಬ್ಲೇಡ್ ಇದೆ, ತೆರೆಯಬೇಡಿ’ ಎಂದು ಬರೆಯಿರಿ. ಡಬ್ಬಿ ತುಂಬಲು ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಮಕ್ಕಳ ಕೈಗೆಟುಕದ ಅಟ್ಟದ ಮೇಲಿರಲಿ.

ಪ್ಲಾಸ್ಟಿಕ್ ಬಾಟಲಿ ಸಾಲದೇ ಎಂದು ಕೇಳಬಹುದು. ನೀರಿನ ತೆಳು ಬಾಟಲಿಯನ್ನು ಬ್ಲೇಡು ಸೀಳುತ್ತದೆ. ದಪ್ಪ ಬಾಟಲಿ ತಡೆದುಕೊಳ್ಳುತ್ತದೆ, ಆದರೆ ಗುಜರಿಯವರು ಪ್ಲಾಸ್ಟಿಕ್ಕಿನಿಂದ ಕಬ್ಬಿಣವನ್ನು ಬೇರೆ ಮಾಡಲು ಅದನ್ನು ಒಡೆಯಲೇಬೇಕು. ಅಲ್ಲಿ ಇನ್ನೊಬ್ಬರ ಕೈ ಕುಯ್ಯುತ್ತದೆ. ತಗಡಾದರೆ ಡಬ್ಬಿ ಸಮೇತ ಕಬ್ಬಿಣದ ರಾಶಿಗೆ ಹೋಗಿ, ಅಲ್ಲಿಂದ ಕುಲುಮೆಗೆ ಸೇರುತ್ತದೆ. ಉಕ್ಕು ಕರಗುವ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬ್ಲೇಡೂ ಒಂದೇ, ಡಬ್ಬಿಯೂ ಒಂದೇ. ದುಡ್ಡು ಕೇಳಬೇಡಿ, ಗುಜರಿಯವರ ಕೈಗೇ ಕೊಟ್ಟು ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ.

ನಗರಸಭೆಯ ಗಾಡಿಗೇ ಕೊಡುವುದಾದರೆ ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರು ಪಾಲು ಮಾಡಿಕೊಡಲು ಹೇಳಿದವು. ಅಪಾಯಕಾರಿ ಪಟ್ಟಿಯಲ್ಲಿ ಬಳಸಿದ ಸೂಜಿ, ಸಿರಿಂಜುಗಳ ಹೆಸರಿತ್ತು. ಬ್ಲೇಡನ್ನೂ ಅದೇ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯ. ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಗಳು ಸೂಜಿ, ಬ್ಲೇಡುಗಳನ್ನು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೇ ಹಾಕಬೇಕು. ಮನೆಗೆ ಆ ಕಾನೂನು ಅನ್ವಯಿಸದಿದ್ದರೂ ಅದರ ಬುದ್ಧಿಯನ್ನು ಎರವಲು ಪಡೆಯಲು ಅಡ್ಡಿಯಿಲ್ಲ.

ಇನ್ನು ಸಾಣೆಯ ಮಾತು. ಗಡ್ಡದ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕಲ್ಲಿಗೆ ತಾಗಿಸಿದರೆ ಬಾಗುತ್ತದೆ, ಅಂಚಿನ ಲೇಪವೂ ಹೋಗುತ್ತದೆ. ಹಿಂದಿನವರು ಗಾಜಿನ ಲೋಟದ ಒಳಮೈಗೆ ಬ್ಲೇಡನ್ನು ಉಜ್ಜಿ ಇನ್ನೆರಡು ಕ್ಷೌರ ಮುಗಿಸುತ್ತಿದ್ದರು. ಗಡ್ಡಕ್ಕೆ ಅದು ನಡೆದೀತು, ಕೊಬ್ಬರಿಗೆ ನಡೆಯದು. ಕೊಬ್ಬರಿಯ ಬಿಗುವಿಗೆ ಅರ್ಧ ಬ್ಲೇಡು ಚಟಕ್ಕನೆ ಮುರಿದು ತುಣುಕು ಎಗರುತ್ತದೆ. ನನ್ನ ಮಟ್ಟಿಗೆ ಅರ್ಧ ಬ್ಲೇಡಿನ ಪದ್ಧತಿಯನ್ನೇ ಬಿಡುವುದು ಒಳ್ಳೆಯದು. ಸರ್ಜಿಕಲ್ ಸಾಮಾನು ಮಾರುವ ಅಂಗಡಿಯಲ್ಲಿ 3ನೇ ನಂಬರಿನ ಹಿಡಿ ಕೇಳಿ, ಅದಕ್ಕೆ 11ನೇ ನಂಬರಿನ ಚೂಪು ಮೂತಿಯ ಬ್ಲೇಡು ಕೂರುತ್ತದೆ. ನವಿಲಿನ ಗರಿಯ ಒಳಸುತ್ತಿಗೆ ಅದರಷ್ಟು ಒದಗುವುದು ಬೇರೆ ಇಲ್ಲ. ಹಿಡಿ ಬಹುಕಾಲ ಬಾಳುತ್ತದೆ, ಬ್ಲೇಡು ಮಾತ್ರ ಬದಲು. ಆ ಬದಲಾವಣೆಯನ್ನು ಬೆರಳಿನಿಂದ ಮಾಡದೆ ಇಕ್ಕಳದಿಂದ ಮಾಡಿ.

ನೀವು ಕೇಳದ ಒಂದು ವಿಷಯ: ಹೊಸ ಬ್ಲೇಡಿನ ಮೇಲೆ ತುಕ್ಕು ಹಿಡಿಯದಿರಲು ಎಣ್ಣೆಯ ಪದರ ಇರಬಹುದು. ನಿಮ್ಮ ಕುಸುರಿ ಕೊಬ್ಬರಿಯನ್ನು ಯಾರಾದರೂ ಒಂದು ದಿನ ತುರಿದು ತಿಂದೇ ತಿನ್ನುತ್ತಾರೆ. ಆದ್ದರಿಂದ ಬ್ಲೇಡನ್ನು ಇಕ್ಕಳದಲ್ಲಿ ಹಿಡಿದು ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿಯೇ ಕೆಲಸಕ್ಕಿಡಿ. ಕೆತ್ತನೆ ಮುಗಿದ ಮೇಲೆ ಬಟ್ಟಲಿನ ಒಳಗೂ ಹೊರಗೂ ಒಂದು ಅಯಸ್ಕಾಂತ ಆಡಿಸಿ. ಗಡ್ಡದ ಬ್ಲೇಡು ಸ್ಟೇನ್‌ಲೆಸ್ ಆದರೂ ಅಯಸ್ಕಾಂತಕ್ಕೆ ಅಂಟುವ ಜಾತಿಯ ಉಕ್ಕು. ಮುರಿದ ಚೂರು ಸಿಕ್ಕಿಕೊಂಡಿದ್ದರೆ ಎದ್ದು ಬರುವ ಸಾಧ್ಯತೆ ಹೆಚ್ಚು. ಬ್ಲೇಡಿನ ತುದಿ ಮುರಿದು ಚೂರು ಸಿಗದೇ ಹೋದರೆ ಆ ಬಟ್ಟಲನ್ನು ತಟ್ಟೆಗಿಡಬೇಡಿ. ನಷ್ಟವಾದರೆ ಆಗಲಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ತೆಂಗಿನ ಚಿಪ್ಪಿನಿಂದ ಸೌಟು, ಬಟ್ಟಲು, ಕೀಚೈನು ಮಾಡುತ್ತೇವೆ. ಆಕ್ಸಾ ಬ್ಲೇಡು ಬಹಳ ಬೇಗ ಮೊಂಡಾಗುತ್ತದೆ. ಹಳೆಯವನ್ನು ಬಿಸಾಡಲು ಮನಸ್ಸಿಲ್ಲ. ಊರಿನ ಕುಲುಮೆಯಲ್ಲಿ ಅದರಿಂದ ಚಾಕು ಮಾಡಿಸಬಹುದೆನ್ನುತ್ತಾರೆ. ನಿಜವೇ?
— ಸಂಘದ ಸದಸ್ಯೆಯರು, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ಮರುಬಳಕೆಗೆ ಲಾಯಕ್ಕಾದ ಬ್ಲೇಡು ಅಂದರೆ ಇದೇ. ಆದರೆ ಮೊದಲು ಅದು ಯಾಕೆ ಬೇಗ ಸಾಯುತ್ತಿದೆ ನೋಡೋಣ.

ಚಿಪ್ಪು ನೋಡಲು ಸಣ್ಣದಾದರೂ ಗಟ್ಟಿಮರಕ್ಕಿಂತ ಗಡಸು. ಅದರ ದಪ್ಪ ಕೆಲವೇ ಮಿಲಿಮೀಟರ್. ಅಂಗಡಿಯವನು ಸಾಮಾನ್ಯವಾಗಿ ಕೊಡುವುದು ಇಂಚಿಗೆ 18 ಅಥವಾ 24 ಹಲ್ಲಿನ ಬ್ಲೇಡು. ಕುಯ್ಯುವಾಗ ಕನಿಷ್ಠ ಮೂರು ಹಲ್ಲು ವಸ್ತುವಿನ ಮೇಲಿರಬೇಕೆಂಬುದು ಫಿಟ್ಟರುಗಳ ಹಳೆಯ ಲೆಕ್ಕ. ಮೂರು ಮಿಲಿಮೀಟರ್ ಚಿಪ್ಪಿನ ಮೇಲೆ 18ರ ಬ್ಲೇಡಿನ ಎರಡೇ ಹಲ್ಲು ಕೂರುತ್ತವೆ, ತಡವರಿಸಿ ಹಲ್ಲು ಕೀಳುತ್ತದೆ. 32 ಹಲ್ಲಿನದು ಕೇಳಿ ತನ್ನಿ. ಹಲ್ಲಿನ ಮೂತಿ ಮುಂದಕ್ಕಿರುವಂತೆ ಹಾಕಿ ಬಿಗಿಯಾಗಿ ಎಳೆದು ಕಟ್ಟಿ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ. ಇನ್ನೊಂದು, ಬಹಳ ಜನ ನಡುವಿನ ನಾಲ್ಕಿಂಚಿನಲ್ಲಷ್ಟೇ ಗರಗಸ ಆಡಿಸುತ್ತಾರೆ. ಹನ್ನೆರಡು ಇಂಚಿಗೆ ದುಡ್ಡು ಕೊಟ್ಟು ನಾಲ್ಕು ಇಂಚು ಸವೆಸಿ ಬಿಸಾಡುವುದು ಯಾವ ಲೆಕ್ಕ? ಉದ್ದಕ್ಕೆ ಎಳೆಯಿರಿ.

ಈಗ ಚಾಕು. ಬ್ಲೇಡಿನ ಮೇಲೆ ಏನು ಬರೆದಿದೆ ಓದಿ. ‘ಎಚ್‌ಎಸ್‌ಎಸ್’ ಎಂದು ಮಾತ್ರ ಇದ್ದು, ಬಗ್ಗಿಸಿದರೆ ಮುರಿಯುವ ಜಾತಿಯದಾದರೆ ಪೂರ್ತಿ ಗಡಸು ಉಕ್ಕು. ಒಳ್ಳೆಯ ಸಣ್ಣ ಚಾಕು ಆಗುತ್ತದೆ. ‘ಬೈ-ಮೆಟಲ್’ ಎಂದಿದ್ದರೆ ಹಲ್ಲಿನ ಸಾಲಷ್ಟೇ ಗಡಸು, ಬೆನ್ನು ಸ್ಪ್ರಿಂಗಿನಂತೆ ಬಾಗುವ ಉಕ್ಕು. ಹಲ್ಲು ತೇಯ್ದು ಅಂಚು ಮಾಡಿದಿರೋ, ಗಡಸು ಭಾಗವೆಲ್ಲ ಸಾಣೆಗೇ ಹೋಯಿತು. ಅದರ ಚಾಕು ಹುಣಸೆಹಣ್ಣು ಬಿಡಿಸಲೂ ಸಾಲದು.

ಕುಲುಮೆಗೆ ಕೊಡುವುದು ಬೇಡ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಟ್ಟಿದರೆ ಕಾರ್ಖಾನೆಯವರು ಲೆಕ್ಕವಿಟ್ಟು ಕೊಟ್ಟ ಹದ ಕೆಡುತ್ತದೆ, ಇದ್ದಿಲ ಕುಲುಮೆಯಲ್ಲಿ ಆ ಹದವನ್ನು ಮತ್ತೆ ತರುವುದು ಕಷ್ಟ. ನಮ್ಮ ಕಮ್ಮಾರರ ಕೈಚಳಕವನ್ನು ಹಳಿಯುತ್ತಿಲ್ಲ. ಮಚ್ಚು, ಕುಡುಗೋಲಿನ ಉಕ್ಕು ಅವರ ಮಾತು ಕೇಳುತ್ತದೆ, ಇದು ಕೇಳುವುದಿಲ್ಲ. ಬ್ಲೇಡನ್ನು ಸಾಣೆಚಕ್ರದಲ್ಲಿ ತಣ್ಣಗೇ ತೇಯಬೇಕು. ಕನ್ನಡಕ ಹಾಕಿಕೊಂಡು, ಬೇಕಾದ ಉದ್ದಕ್ಕೆ ವೈಸಿನಲ್ಲಿ ಕಚ್ಚಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ ಮುರಿಯಿರಿ. ತೇಯುವಾಗ ಆಗಾಗ ನೀರಿನಲ್ಲಿ ಅದ್ದಿ. ಹಿಡಿಗೆ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿದರೆ ಸಾಕು.

ಬೈ-ಮೆಟಲ್ ತುಂಡನ್ನೂ ಬಿಸಾಡಬೇಡಿ. ಚಿಪ್ಪಿನ ಮೇಲಿನ ನಾರು ಕೆರೆಯಲು ಅದರಷ್ಟು ಒಳ್ಳೆಯ ಹತಾರ ಇಲ್ಲ. ಬ್ಲೇಡಿನ ಬೆನ್ನನ್ನು ಅರದಿಂದ ನೇರವಾಗಿ ಉಜ್ಜಿ ಚೌಕ ಅಂಚು ತನ್ನಿ, ಹಲ್ಲಿನ ಕಡೆಗೆ ಟ್ಯೂಬು ಸುತ್ತಿ, ಬೆನ್ನಿನಿಂದ ಎಳೆದು ಎಳೆದು ಕೆರೆಯಿರಿ. ಕೆಲವನ್ನು ಒಳಬಾಗುವಂತೆ ತೇಯ್ದಿಟ್ಟುಕೊಂಡರೆ ಕರಟದ ದುಂಡಿಗೆ ಸರಿಯಾಗಿ ಕೂರುತ್ತವೆ, ಅರ್ಧ ಪಾಲಿಶ್ ಕಾಗದ ಉಳಿಯುತ್ತದೆ. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ದೂಳು ಎದೆಗೆ ಒಳ್ಳೆಯದಲ್ಲ.

ಪ್ರಶ್ನೆ: ಶಾಲೆಯ ಪ್ರಾಜೆಕ್ಟಿಗೆ ಥರ್ಮೋಕೋಲ್, ರಟ್ಟು ಕತ್ತರಿಸುವ ಕಟರ್ ಬಳಸುತ್ತೇನೆ. ಬ್ಲೇಡಿನ ಮೇಲೆ ಓರೆ ಗೆರೆಗಳಿವೆ. ಮುರಿಯಲು ಅಪ್ಪ ಬಿಡುವುದಿಲ್ಲ.
— ಪ್ರೌಢಶಾಲೆ ವಿದ್ಯಾರ್ಥಿ, ತುರುವೇಕೆರೆ

ಉತ್ತರ: ಅಪ್ಪ ಹೇಳಿದಂತೆ ಕೇಳು ಮರಿ, ಆದರೆ ಅವರಿಗೂ ಇದನ್ನು ಓದಿಸು. ಆ ಗೆರೆಗಳು ಇರುವುದೇ ಮುರಿಯಲು. 1956ರಲ್ಲಿ ಜಪಾನಿನ ಒಸಾಕಾದ ಯೋಶಿಯೊ ಒಕಾಡಾ ಇದನ್ನು ರೂಪಿಸಿದರು. ಒಡೆದ ಗಾಜಿನ ಚೂಪು ಅಂಚು, ಗೆರೆಗೆ ಸರಿಯಾಗಿ ಮುರಿಯುವ ಚಾಕೊಲೇಟ್ ಪಟ್ಟಿ, ಇವೆರಡೂ ಅವರಿಗೆ ಹೊಳಹು ಕೊಟ್ಟವು. ತುದಿ ಮೊಂಡಾದಾಗ ಒಂದು ತುಣುಕು ಮುರಿದರೆ ಹೊಸ ತುದಿ. ಬೆರಳಿನಿಂದ ಮುರಿಯಬಾರದು. ಸಣ್ಣ ಕಟರಿನ ಹಿಂಭಾಗದ ಮುಚ್ಚಳದಲ್ಲಿ ಸೀಳಿದ್ದರೆ ಅದು ಅದಕ್ಕೇ, ಇಲ್ಲದಿದ್ದರೆ ಇಕ್ಕಳ. ಒಂದೇ ತುಣುಕು ಹೊರಗೆ ಬರುವಷ್ಟು ಬ್ಲೇಡು ಚಾಚಿ, ಮುಖ ಆಚೆಗೆ ಮಾಡಿ, ಗೆರೆ ಕೊರೆದಿರುವ ಮೈ ಮೇಲೆ ಬರುವಂತೆ ಹಿಡಿದು ಕೆಳಕ್ಕೆ ಬಗ್ಗಿಸಬೇಕು. ಈ ಕೆಲಸ ಅಪ್ಪ ಮಾಡಲಿ, ತುಣುಕನ್ನು ಡಬ್ಬಿಗೆ ಹಾಕಿದರೋ ಇಲ್ಲವೋ ನೀನು ನೋಡಿಕೋ.

ಪ್ರಶ್ನೆ: ಹಳೆಯ ಬ್ಲೇಡು, ಮೊಳೆ, ಗರಗಸದ ಚೂರು ಎಲ್ಲವನ್ನೂ ತೆಂಗಿನ ಬುಡಕ್ಕೆ ಹೂತರೆ ಗಿಡಕ್ಕೆ ಕಬ್ಬಿಣದಂಶ ಸಿಗುತ್ತದೆ, ಕಾಯಿ ಕಚ್ಚುತ್ತದೆ ಎನ್ನುತ್ತಾರೆ. ತಿಪ್ಪೆಗೆ ಹಾಕುವವರೂ ಇದ್ದಾರೆ. ಹೌದೇ?
— ತೆಂಗು ಬೆಳೆಗಾರ, ಹುಳಿಯಾರು

ಉತ್ತರ: ಎರಡೂ ಬೇಡ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು, ಅಲ್ಲಿ ಅದಕ್ಕೆ ಬರವಿಲ್ಲ. ಸುಣ್ಣದಂಶ ಹೆಚ್ಚಿದ ನೆಲದಲ್ಲಿ ಗರಿ ಹಳದಿಯಾದರೂ ಕಾರಣ ಕಬ್ಬಿಣ ಇಲ್ಲದ್ದಲ್ಲ, ಬೇರಿಗೆ ದಕ್ಕದ ರೂಪದಲ್ಲಿರುವುದು. ಬ್ಲೇಡು ಹೂತರೆ ಅದು ಸರಿಹೋಗದು. ತೆಂಗು ನಿಜಕ್ಕೂ ಕೇಳುವುದು ಪೊಟ್ಯಾಷ್. ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1,200 ಗ್ರಾಂ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನಿಮ್ಮ ಮಣ್ಣಿಗೆ ಎಷ್ಟೆಂಬುದನ್ನು ತಿಪಟೂರು ಬಳಿ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ವಿಚಾರಿಸಿ ತಿಳಿದುಕೊಳ್ಳಿ. ಕಾಂಡಕ್ಕೇ ಮೊಳೆ ಹೊಡೆಯುವ ಅಭ್ಯಾಸ ಇನ್ನೂ ಕೆಟ್ಟದ್ದು: ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ, ಒಳಗೆ ಮೊಟ್ಟೆಯಿಟ್ಟರೆ ಮರವೇ ಹೋಗುತ್ತದೆ.

ತಿಪ್ಪೆಯ ಸಂಗತಿ ಗಂಭೀರ. ಹಸು ಮೇವನ್ನು ನಾಲಿಗೆಯಲ್ಲಿ ಸುತ್ತಿ ಎಳೆದು ಹೆಚ್ಚು ಅಗಿಯದೆ ನುಂಗುತ್ತದೆ, ಮೊಳೆ, ತಂತಿ, ಬ್ಲೇಡನ್ನು ಬಾಯಲ್ಲಿ ಬೇರ್ಪಡಿಸದು. ಭಾರದ ಲೋಹ ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ. ಗಬ್ಬದ ಭಾರ, ಹೆರಿಗೆಯ ತಿಣುಕಾಟದಲ್ಲಿ ಚೂಪು ಲೋಹ ಅದನ್ನು ತೂರಿ ಹೃದಯದ ಚೀಲ ಮುಟ್ಟುತ್ತದೆ. ಮೇವು ಬಿಡುವುದು, ಬೆನ್ನು ಬಿಲ್ಲಾಗಿಸಿ ನಿಲ್ಲುವುದು, ಮೊಣಕೈ ಅಗಲಿಸುವುದು, ಗಂಗೆದೊಗಲು ಊದಿಕೊಳ್ಳುವುದು — ಇವು ಕಂಡರೆ ಆ ದಿನವೇ ಪಶುವೈದ್ಯರನ್ನು ಕರೆಯಿರಿ. ಹೃದಯಕ್ಕೆ ತಾಗಿದ ಮೇಲೆ ಉಳಿಸುವುದು ಬಲು ಕಷ್ಟ. ಸಾವಿರಾರು ರೂಪಾಯಿಯ ಹಸು ಎರಡು ರೂಪಾಯಿಯ ಬ್ಲೇಡಿಗೆ ಬಲಿ. ಹಸು ತಪ್ಪಿಸಿಕೊಂಡರೂ ಗೊಬ್ಬರದ ಜೊತೆ ಅದೇ ಬ್ಲೇಡು ಪಾತಿಗೆ ಬರುತ್ತದೆ. ಅಲ್ಲಿ ಬರಿಗಾಲಲ್ಲಿ ನಡೆಯುವವರು ನೀವು, ಬರಿಗೈಯಲ್ಲಿ ಗೊಬ್ಬರ ಹರಡುವವರು ನಿಮ್ಮ ಮನೆಯವರು.

ಪ್ರಶ್ನೆ: ತುಕ್ಕು ಹಿಡಿದ ಬ್ಲೇಡು ಕುಯ್ದರೆ ಮಾತ್ರ ಇಂಜೆಕ್ಷನ್, ಹೊಸದಾದರೆ ಬೇಡ ಎನ್ನುತ್ತಾರಲ್ಲ?
— ಓದುಗರು, ನೊಣವಿನಕೆರೆ

ಉತ್ತರ: ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು, ಸಗಣಿಯಲ್ಲಿರುವ ಸೂಕ್ಷ್ಮಾಣು. ಸಗಣಿ ಮೆತ್ತಿದ ಹೊಸ ಬ್ಲೇಡೂ ಅಷ್ಟೇ ಅಪಾಯ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆದು ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಬೇಡ. ಚಿಕ್ಕಂದಿನ ಲಸಿಕೆಗಳು ಪೂರ್ತಿಯಾಗಿದ್ದವರಿಗೂ ಕೊನೆಯ ಚುಚ್ಚುಮದ್ದಾಗಿ ಹತ್ತು ವರ್ಷ ಕಳೆದಿದ್ದರೆ, ಗಾಯ ಆಳವಾಗಿದ್ದು ಮಣ್ಣು ಸಗಣಿ ತಾಗಿದ್ದರೆ ಐದೇ ವರ್ಷ ಕಳೆದಿದ್ದರೂ, ಮತ್ತೊಂದು ಬೇಕು. ನೆನಪಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ.

ಪ್ರಶ್ನೆ: ಕಳೆ ಕಟರಿನ ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬಹುದೇ?
— ರೈತ, ದಂಡಿನಶಿವರ

ಉತ್ತರ: ಖಂಡಿತ ಬೇಡ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿನ ವೆಲ್ಡಿಂಗ್ ಬಿಟ್ಟರೆ ತುಂಡು ಗುಂಡಿನಂತೆ ಹಾರುತ್ತದೆ. ಬಿರುಕು ಬಿಟ್ಟದ್ದನ್ನು ಸುತ್ತಿಗೆಯಿಂದ ಬಗ್ಗಿಸಿ, ಯಾರೂ ಮತ್ತೆ ಹಾಕಲಾಗದಂತೆ ಮಾಡಿ ಗುಜರಿಗೆ ಕೊಡಿ. ಗ್ರೈಂಡರಿನ ಕತ್ತರಿಸುವ ಚಕ್ರಕ್ಕೂ ಆಯಸ್ಸಿದೆ: ಹೆಚ್ಚಿನವುಗಳ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಅದು ಮುಗಿದಿದ್ದರೆ ಹೊಸದಾಗಿ ಕಂಡರೂ ಬಳಸಬೇಡಿ.

ಕಡೆಯದಾಗಿ ಒಂದು ಕೋರಿಕೆ. ಈ ಸಲ ಒಬ್ಬರು ತಮ್ಮ ಬ್ಲೇಡು ಯಾವ ಜಾತಿಯದು ಹೇಳಿ ಎಂದು ಮಾದರಿಯನ್ನೇ ಪತ್ರಕ್ಕೆ ಅಂಟಿಸಿ ಕಳಿಸಿದ್ದಾರೆ. ಲಕೋಟೆಯನ್ನು ನನಗಿಂತ ಮೊದಲು ಮುಟ್ಟುವವರು ಅಂಚೆಯವರು. ಬ್ಲೇಡಿನ ಮೇಲೆ ಬರೆದಿರುವುದನ್ನು ನಕಲು ಮಾಡಿ ಕಳಿಸಿ, ಅಷ್ಟು ಸಾಕು.