ಮನೆ, ಕೊಟ್ಟಿಗೆ, ತೋಟಗಳಲ್ಲಿ ಪ್ರೆಷರ್ ವಾಷರ್ ಬಳಕೆ

ದಾವಣಗೆರೆ ತಾಲ್ಲೂಕಿನ ಮಾಯಕೊಂಡ ಹೋಬಳಿಯಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಕೊಳವೆಬಾವಿಯನ್ನೇ ನಂಬಿದ ಅಡಿಕೆ ತೋಟಗಳಿವೆ. ಬೇಸಿಗೆ ಬಂತೆಂದರೆ ಇಲ್ಲಿ ಒಂದೊಂದು ಕೊಡ ನೀರಿಗೂ ಲೆಕ್ಕವುಂಟು. ಆದರೂ ಟ್ರ್ಯಾಕ್ಟರ್ ತೊಳೆಯಬೇಕು, ಕೊಟ್ಟಿಗೆ ಶುಚಿಯಾಗಬೇಕು, ಅಂಗಳದ ಪಾಚಿ ಹೋಗಬೇಕು. ವಾಟರ್ ಸರ್ವೀಸ್ ಅಂಗಡಿಗಳಲ್ಲಿ ವಾಹನ ತೊಳೆಯುವ ಯಂತ್ರದ ಚಿಕ್ಕ ರೂಪವಾದ ಪ್ರೆಷರ್ ವಾಷರ್ ಈ ಕೆಲಸಗಳಿಗೆ ಒದಗುತ್ತದೆ. ಅರಿತು ಬಳಸಿದರೆ ಇದು ನೀರನ್ನೂ ಶ್ರಮವನ್ನೂ ಉಳಿಸುತ್ತದೆ. ಅರಿಯದೆ ಬಳಸಿದರೆ ವಸ್ತು ಕೆಡುವುದಲ್ಲದೆ ಪ್ರಾಣಕ್ಕೂ ಅಪಾಯವುಂಟು. ಆದ್ದರಿಂದ ಇದನ್ನು ಎಲ್ಲಿ ಬಳಸಬಾರದು ಎಂಬುದನ್ನೂ ರೈತರು ತಿಳಿದಿರಬೇಕು.

ಯಂತ್ರ ಕೆಲಸ ಮಾಡುವ ಬಗೆ

ವಿದ್ಯುತ್ ಮೋಟಾರು ಒಂದು ಚಿಕ್ಕ ಪಂಪನ್ನು ನಡೆಸುತ್ತದೆ. ಪಂಪು ನಲ್ಲಿಯ ನೀರನ್ನು ಒತ್ತಿ, ಕಿರಿದಾದ ಮೂತಿಯ ಮೂಲಕ ಹೊರಕ್ಕೆ ಚಿಮ್ಮಿಸುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಒತ್ತಡ ಸಾಮಾನ್ಯವಾಗಿ 100 ರಿಂದ 130 ಬಾರ್ ಇರುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಮಾತ್ರ. ಇದರಿಂದ ಈ ನೀರಿನ ಬಲವನ್ನು ಊಹಿಸಬಹುದು.

ಇಂಥ ಯಂತ್ರ ನಿಮಿಷಕ್ಕೆ ಸುಮಾರು 6 ಲೀಟರ್ ನೀರು ಬಳಸುತ್ತದೆ. ಸಾಧಾರಣ ರಬ್ಬರ್ ಪೈಪಿನಲ್ಲಿ ನಿಮಿಷಕ್ಕೆ 20 ಲೀಟರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರನ್ನು 20 ನಿಮಿಷ ತೊಳೆದರೆ ಪೈಪಿಗೆ 400 ಲೀಟರ್, ಯಂತ್ರಕ್ಕೆ 120 ಲೀಟರ್ ಬೇಕು. ಆದರೆ ನೀರು ರಭಸವಾಗಿ ಚಿಮ್ಮುತ್ತದೆಂದು ಒಂದು ಗಂಟೆ ಹಿಡಿದು ನಿಂತರೆ ಉಳಿತಾಯವೆಲ್ಲ ಹೋದಂತೆಯೇ.

ಮೂತಿಯಿಂದ ದೂರ ಹೋದಷ್ಟೂ ನೀರಿನ ಬಲ ಕುಗ್ಗುತ್ತದೆ. ಮೊದಲು ಮೂರು ಅಡಿ ದೂರದಿಂದ ಆರಂಭಿಸಿ, ಕೊಳೆ ಬಿಡದಿದ್ದರೆ ಮಾತ್ರ ನಿಧಾನವಾಗಿ ಸಮೀಪಿಸಬೇಕು. ಬೀಸಣಿಗೆಯಂತೆ ಹರಡಿ ಬೀಳುವ ನೀರು ಹೆಚ್ಚಿನ ಕೆಲಸಗಳಿಗೆ ಸಾಕು. ಸೂಜಿಯಂತೆ ನೇರವಾಗಿ ಚಿಮ್ಮುವ ಮೂತಿಯನ್ನು ಮನೆಯಲ್ಲಿ ಬಳಸದಿರುವುದೇ ಲೇಸು.

ಕೃಷಿ ಯಂತ್ರಗಳು

ಒಣಗಿದ ಮಣ್ಣನ್ನು ಮೊದಲು ಕೆರೆದು ತೆಗೆಯಿರಿ, ನಂತರ ನೀರು ಬಿಡಿರಿ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಹಾಯಿಸಬಾರದು. ರೇಡಿಯೇಟರಿನ ತೆಳು ರೆಕ್ಕೆಗಳು ಹತ್ತಿರದ ನೀರಿಗೆ ಬಾಗುತ್ತವೆ. ಬೇರಿಂಗು, ಬ್ಯಾಟರಿ, ವೈರುಗಳ ಕಡೆಗೆ ಮೂತಿ ತಿರುಗಿಸಬೇಡಿರಿ. ತೊಳೆದ ಮೇಲೆ ಗ್ರೀಸ್ ಹಾಕುವುದನ್ನು ಮರೆಯಬಾರದು.

ಬಾಡಿಗೆಗೆ ಬಂದ ಟ್ರ್ಯಾಕ್ಟರು, ಕೊಯ್ಲು ಯಂತ್ರಗಳ ಚಕ್ರಕ್ಕೆ ಅಂಟಿದ ಮಣ್ಣಿನಲ್ಲಿ ಪಾರ್ಥೇನಿಯಂ ಬೀಜ, ಜೇಕಿನ ಗಡ್ಡೆಗಳು ಊರಿಂದೂರಿಗೆ ಸಾಗುತ್ತವೆ. ಹೊಲಕ್ಕೆ ಇಳಿಸುವ ಮೊದಲೇ ಅವುಗಳನ್ನು ಒಂದು ಗೊತ್ತಾದ ಜಾಗದಲ್ಲಿ ತೊಳೆಸಿ. ಅಲ್ಲಿ ಮೊಳೆತ ಕಳೆಯನ್ನು ಕಂಡ ಕೂಡಲೇ ಕಿತ್ತುಹಾಕಬಹುದು. ಅಣಬೆ ರೋಗವಿರುವ ಅಡಿಕೆ ತೋಟದಲ್ಲಿ ಓಡಿದ ಟಿಲ್ಲರನ್ನು ತೊಳೆಯದೆ ಬೇರೆ ತೋಟಕ್ಕೆ ಒಯ್ಯಬಾರದು.

ಕೊಟ್ಟಿಗೆ

ದನಗಳನ್ನು ಹೊರಗೆ ಕಟ್ಟಿ, ಸಗಣಿಯನ್ನು ಬಾಚಿ ತಿಪ್ಪೆಗೋ ಗೋಬರ್ ಅನಿಲ ಸ್ಥಾವರಕ್ಕೋ ಹಾಕಿದ ನಂತರವೇ ನೆಲ ತೊಳೆಯಬೇಕು. ಸಗಣಿಯನ್ನೇ ನೀರಿನಿಂದ ತಳ್ಳುವುದು ಗೊಬ್ಬರಕ್ಕೂ ನಷ್ಟ, ನೀರಿಗೂ ನಷ್ಟ. ಗೋದಲಿ, ಗಂಜಲದ ಕಾಲುವೆ, ಸಿಮೆಂಟು ನೆಲಗಳಿಗೆ ಈ ಯಂತ್ರ ಚೆನ್ನಾಗಿ ಒಗ್ಗುತ್ತದೆ. ದನಗಳ ಮೈ ತೊಳೆಯಲು ಇದನ್ನು ಎಂದಿಗೂ ಬಳಸಬಾರದು. ಕೆಚ್ಚಲು, ಕಣ್ಣು, ಕಿವಿಗಳಿಗೆ ಪೆಟ್ಟಾಗುತ್ತದೆ.

ಮನೆ ಮತ್ತು ಅಂಗಳ

ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ಮೆಟ್ಟಿಲು, ಬಚ್ಚಲ ಕಲ್ಲು, ಅಡಿಕೆ ಒಣಗಿಸುವ ಸಿಮೆಂಟಿನ ಕಣ ಇವುಗಳನ್ನು ಧಾರಾಳವಾಗಿ ತೊಳೆಯಬಹುದು. ಮಣ್ಣಿನ ಗೋಡೆ, ಸುಣ್ಣದ ಗಾರೆ, ಹಳೆಯ ಮರದ ಬಾಗಿಲು ಇದರ ರಭಸವನ್ನು ತಡೆಯಲಾರವು. ಹೆಂಚಿನ ಮಾಡಿಗೆ ಕೆಳಗಿನಿಂದ ಮೇಲಕ್ಕೆ ನೀರು ಹೊಡೆದರೆ ಒಳಗೆ ಸೋರುತ್ತದೆ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟುಗಳನ್ನು ಯಾವ ಕಾರಣಕ್ಕೂ ಹೀಗೆ ತೊಳೆಯಬಾರದು. ಅದರಿಂದ ಬಿಡುಗಡೆಯಾಗುವ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ.

ತೋಟ

ಹನಿ ನೀರಾವರಿಯ ಫಿಲ್ಟರಿನ ಜಾಲರಿ, ಬಿಲ್ಲೆಗಳನ್ನು ಹೊರತೆಗೆದು, ಹರಡುವ ಮೂತಿಯಿಂದ ದೂರ ಹಿಡಿದು ತೊಳೆಯಬಹುದು. ಕಟ್ಟಿಕೊಂಡ ಡ್ರಿಪ್ಪರುಗಳಿಗೆ ಇದು ಮದ್ದಲ್ಲ. ಅದಕ್ಕೆ ಪೈಪುಗಳ ತುದಿ ಬಿಚ್ಚಿ ನೀರು ಹರಿಸಬೇಕು, ಸುಣ್ಣದಂಶ ಕಟ್ಟಿದ್ದರೆ ತಜ್ಞರ ಸಲಹೆಯಂತೆ ಆಮ್ಲ ಹಾಯಿಸಬೇಕು. ಅಡಿಕೆ, ತೆಂಗಿನ ಕಾಂಡದ ಮೇಲಿನ ಪಾಚಿ ತೆಗೆಯಲು ಹೋಗಬೇಡಿರಿ. ತೊಗಟೆಗೆ ಗಾಯವಾದರೆ ರೋಗಕ್ಕೆ ಬಾಗಿಲು ತೆರೆದಂತೆ. ಕೀಟನಾಶಕದ ಡ್ರಮ್ಮಿನೊಳಗೂ ಇದನ್ನು ಬಿಡಬಾರದು. ವಿಷದ ಹನಿ ಮುಖಕ್ಕೆ ಎರಚುತ್ತದೆ.

ವಿದ್ಯುತ್ತು ಮತ್ತು ಸುರಕ್ಷತೆ

1. ಒದ್ದೆ ನೆಲದಲ್ಲಿ ವಿದ್ಯುತ್ ಯಂತ್ರ ನಡೆಸುತ್ತೇವೆಂಬುದನ್ನು ಮರೆಯಬಾರದು. ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ವೈರಿನ ಜೋಡಣೆ ನೆಲದ ಮೇಲೆ ಬಿದ್ದಿರಬಾರದು.
2. ವೋಲ್ಟೇಜು ಇಳಿದಾಗ ಯಂತ್ರ ನಡೆಸಿದರೆ ಮೋಟಾರು ಸುಡುತ್ತದೆ.
3. ಕೊಳವೆಬಾವಿಯ ನೀರಿನಲ್ಲಿ ಮರಳಿದ್ದರೆ ಪಂಪು ಬೇಗ ಸವೆಯುತ್ತದೆ. ಒಳಹರಿವಿಗೆ ಫಿಲ್ಟರು ಹಾಕಿಸಿ.
4. ಮೊದಲು ನೀರು ಬಿಟ್ಟು, ಪೈಪಿನ ಗಾಳಿ ಹೊರಹೋದ ಮೇಲೆ ಸ್ವಿಚ್ಚು ಹಾಕಬೇಕು. ಕೆಲಸ ಮುಗಿದ ಮೇಲೆ ಸ್ವಿಚ್ಚು ಆರಿಸಿ, ನಲ್ಲಿ ನಿಲ್ಲಿಸಿ, ಟ್ರಿಗರ್ ಒತ್ತಿ ಉಳಿದ ಒತ್ತಡವನ್ನು ಬಿಡಬೇಕು.
5. ಕನ್ನಡಕ, ಗಂಬೂಟು ಧರಿಸಿ. ಮಕ್ಕಳ ಕೈಗೆ ಕೊಡಬೇಡಿರಿ.

ಬಹು ಮುಖ್ಯವಾದ ಮಾತು ಒಂದಿದೆ. ಈ ನೀರು ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಕಾಣುವುದು ಸಣ್ಣ ತೂತು, ನೋವೂ ಮೊದಲಿಗೆ ಕಡಿಮೆ. ಆದರೆ ಒಳಗಿನ ಮಾಂಸಖಂಡ ಕೊಳೆತು ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಅರಿಶಿನ ಹಚ್ಚಿ ಸುಮ್ಮನಿರದೆ, ತಡಮಾಡದೆ ದಾವಣಗೆರೆಯಲ್ಲಿರುವಂಥ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಹೋಗಿ, ಒತ್ತಡದ ನೀರಿನಿಂದಾದ ಗಾಯವೆಂದು ವೈದ್ಯರಿಗೆ ಹೇಳಬೇಕು.

ಕೊಳ್ಳುವ ಮುನ್ನ

ತಿಂಗಳಿಗೆ ಒಂದೆರಡು ಸಲ ಮಾತ್ರ ಕೆಲಸವಿದ್ದರೆ ನಾಲ್ಕು ಮನೆಯವರು ಕೂಡಿ ಒಂದು ಯಂತ್ರ ಕೊಳ್ಳುವುದು ಜಾಣತನ. ಬಿಡಿಭಾಗ, ರಿಪೇರಿ ಹತ್ತಿರದಲ್ಲೇ ಸಿಗುವಂತಿರಬೇಕು. ಸೋಪು, ಎಣ್ಣೆ ಬೆರೆಯದ ತೊಳೆದ ನೀರನ್ನು ವ್ಯರ್ಥ ಮಾಡದೆ ತೆಂಗಿನ ಬುಡಕ್ಕೆ ತಿರುಗಿಸಿರಿ. ಕೊಳೆ ತೆಗೆಯಲು ಎಷ್ಟು ಬಲ ಬೇಕೋ ಅಷ್ಟೇ ಬಳಸಿದರೆ ಯಂತ್ರವೂ ಬಾಳುತ್ತದೆ, ಬಾವಿಯ ನೀರೂ ಉಳಿಯುತ್ತದೆ.