ವಿಷಪರೀಕ್ಷೆ ಮತ್ತು ಮಾದರಿಗಳ ಸಂರಕ್ಷಣೆ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಸೇವಿಸಿ 17 ಮಂದಿ ಅಸುನೀಗಿದ್ದು ಸದ್ಭಕ್ತರಿಗೆ ನೆನಪಿರಬಹುದು. ಅದರಲ್ಲಿದ್ದುದು ಮೊನೊಕ್ರೋಟೊಫಾಸ್ ಎಂಬ ಕೀಟನಾಶಕವೆಂದು ಪ್ರಯೋಗಾಲಯದ ಪರೀಕ್ಷೆ ತಿಳಿಸಿತು. ಬಾಗೂರಿನ ಸುತ್ತಲ ತೋಟದ ಮನೆಗಳಲ್ಲಿಯೂ ಇಂತಹ ಔಷಧಿಯ ಡಬ್ಬಿಗಳು ಅಪರೂಪವಲ್ಲವಾದ್ದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ದೇಹದಿಂದ ಹೊರತೆಗೆದ ಮೇಲೂ ರಕ್ತದೊಳಗಿನ ಕಿಣ್ವಗಳ ಕಾರ್ಯ ನಿಲ್ಲುವುದಿಲ್ಲ. ಕೊಕೇನಿನಂತಹ ಮಾದಕದ್ರವ್ಯವನ್ನು ಅವು ಸೀಸೆಯಲ್ಲಿಯೇ ಒಡೆದುಹಾಕುತ್ತವೆ. ನಿದ್ರೆಯ ಮಾತ್ರೆಯಾದ ನೈಟ್ರಜೆಪಾಮನ್ನು ಸೂಕ್ಷ್ಮಾಣುಗಳು ಬೇರೆಯೇ ವಸ್ತುವಾಗಿ ಮಾರ್ಪಡಿಸುತ್ತವೆ. ಮದ್ಯದ ವಿಷಯವಂತೂ ವಿಚಿತ್ರ: ಮುಚ್ಚಳ ಸಡಿಲವಾದರೆ ಅದು ಆವಿಯಾಗಿ ಕಡಿಮೆಯಾಗುತ್ತದೆ, ಬೆಚ್ಚಗಿಟ್ಟರೆ ಸೂಕ್ಷ್ಮಾಣುಗಳು ರಕ್ತದ ಸಕ್ಕರೆಯನ್ನು ಹುದುಗಿಸಿ, ಕುಡಿಯದವನ ರಕ್ತದಲ್ಲಿಯೂ ಮದ್ಯವನ್ನು ಹುಟ್ಟಿಸಬಲ್ಲವು. ವಾಹನ ಚಾಲಕನಿಗೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಬಾರದೆಂಬ ಕಾನೂನಿರುವಾಗ, ಸೀಸೆಯಲ್ಲಿ ಹುಟ್ಟಿದ ಮದ್ಯ ನಿರಪರಾಧಿಯನ್ನು ಕಟಕಟೆಗೆ ತಂದೀತು. ಆದುದರಿಂದಲೇ ಸೋಡಿಯಂ ಫ್ಲೋರೈಡ್ ಇರುವ ಬೂದುಬಣ್ಣದ ಮುಚ್ಚಳದ ಸೀಸೆಯಲ್ಲಿ ರಕ್ತವನ್ನು ತುಂಬಿ, ಬಿಗಿಯಾಗಿ ಮುಚ್ಚಿ, 4 ಡಿಗ್ರಿಯ ತಂಪಿನಲ್ಲಿಡುತ್ತಾರೆ. ಬಹುಕಾಲ ಇಡಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ.

ಆದರೆ ಒಂದೇ ಸೀಸೆ ಎಲ್ಲಕ್ಕೂ ಆಗದು. ಕೀಟನಾಶಕದ ವಿಷದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅಳೆಯಬೇಕು. ಫ್ಲೋರೈಡ್ ಅದನ್ನೇ ತಡೆಯುವುದರಿಂದ ಅಲ್ಲಿ ಹೆಪಾರಿನ್ ಇರುವ ಬೇರೆ ಸೀಸೆ ಬೇಕು. ಶವಪರೀಕ್ಷೆಯಲ್ಲಿ ತೆಗೆದ ಜಠರ, ಯಕೃತ್ತುಗಳಿಗೆ ಸಾಮಾನ್ಯವಾಗಿ ಬಳಸುವುದು ನಮ್ಮ ಉಪ್ಪಿನಕಾಯಿಯ ಉಪ್ಪೇ, ನೀರಿನಲ್ಲಿ ಇನ್ನು ಕರಗದಷ್ಟು. ಆ ಉಪ್ಪುನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಕಳುಹಿಸುವುದು ಕ್ರಮ. ವಿಷ ಅದರಿಂದ ಬಂದುದಲ್ಲವೆಂದು ತೋರಬೇಕಲ್ಲವೆ?

ಆಯುರ್ವೇದ ವಿದ್ಯಾರ್ಥಿಗಳಿಗೆ ಅಗದತಂತ್ರದೊಡನೆ ವ್ಯವಹಾರಾಯುರ್ವೇದವೂ ಪಾಠವಾಗಿದೆ. ಚರಕಾಚಾರ್ಯರು ಕಲ್ಪಸ್ಥಾನದಲ್ಲಿ ಔಷಧದ್ರವ್ಯಗಳನ್ನು ಬೆಂಕಿ, ನೀರು, ಹೊಗೆ, ಧೂಳು, ಇಲಿಗಳಿಂದ ದೂರವಾಗಿ, ಚೆನ್ನಾಗಿ ಮುಚ್ಚಿ, ನೆಲವಿನಲ್ಲಿ ತೂಗುಹಾಕಿಡಲು ವಿಧಿಸಿದ್ದಾರೆ. ಗುಣ ಕೆಡದಿರಲೆಂಬ ಕಾಳಜಿ ಅಲ್ಲಿಯೂ ಇಲ್ಲಿಯೂ ಒಂದೇ.

ಮನೆಯಲ್ಲಿ ಯಾರಾದರೂ ವಿಷ ಸೇವಿಸಿದ ಸಂಶಯವಿದ್ದರೆ ಮೊದಲು ಆಸ್ಪತ್ರೆ. ಮನೆಮದ್ದಿಗೆ ಕಾಲ ಕಳೆಯಬಾರದು, ಬಲವಂತವಾಗಿ ವಾಂತಿ ಮಾಡಿಸಬಾರದು. ತಾನಾಗಿಯೇ ಆದ ವಾಂತಿಯನ್ನು ನಮ್ಮವರು ಮರ್ಯಾದೆಗಂಜಿ ಕೂಡಲೇ ತೊಳೆದುಬಿಡುತ್ತಾರೆ. ಹಾಗೆ ಮಾಡದೆ, ಬರಿಗೈಯಿಂದ ಮುಟ್ಟದೆ, ಅದನ್ನು ಶುಚಿಯಾದ ಗಾಜಿನ ಸೀಸೆಯಲ್ಲಿ ಮುಚ್ಚಿ, ಏನನ್ನೂ ಬೆರೆಸದೆ, ಬಿಸಿಲು ತಾಗದಂತೆ ವೈದ್ಯರಿಗೆ ಒಪ್ಪಿಸಬೇಕು. ಉಳಿದ ಆಹಾರ, ಔಷಧಿಯ ಡಬ್ಬಿ, ಅದರ ಚೀಟಿ ಇವೂ ಜೊತೆಗಿರಲಿ.